ಸಮವಸ್ತ್ರ ಒಗೆದ ಖರ್ಚಿಗೆ ತೆರಿಗೆ ರಿಯಾಯಿತಿ: ಇಂಗ್ಲೆಂಡಿನಲ್ಲಿರುವ ಕನ್ನಡದ ನರ್ಸ್ ಒಬ್ಬರ ಪ್ರಕರಣ

2025ರ ನವೆಂಬರಿನ ಒಂದು ಭಾನುವಾರ, ಇಂಗ್ಲೆಂಡಿನ ಎನ್‌ಎಚ್‌ಎಸ್ (ಸರ್ಕಾರಿ ಆರೋಗ್ಯ ಸೇವೆ) ಆಸ್ಪತ್ರೆಯೊಂದರಲ್ಲಿ ಸ್ಟಾಫ್ ನರ್ಸ್ ಆಗಿರುವ ಹಾಸನದ ಕಡೆಯ ಹೆಣ್ಣುಮಗಳೊಬ್ಬರು ತಮ್ಮ ನಾಲ್ಕು ವರ್ಷದ ಪಿ60 ಕಾಗದಗಳು (ವರ್ಷದ ಸಂಬಳ ಮತ್ತು ಮುರಿದ ತೆರಿಗೆಯನ್ನು ತೋರಿಸುವ ಪತ್ರ), ಒಂದಿಷ್ಟು ಪೇ ಸ್ಲಿಪ್‌ಗಳು ಮತ್ತು ಮೊಬೈಲಿನಲ್ಲಿ ಅರ್ಧ ತುಂಬಿದ ಒಂದು ಅರ್ಜಿಯೊಂದಿಗೆ ನಮ್ಮ ಮನೆಗೆ ಬಂದರು. ಸಂಬಳದ ಲೆಕ್ಕ ಬರೆಯುವುದು ನನ್ನ ಉದ್ಯೋಗವಾದ್ದರಿಂದ ಊರಿನವರು ಇಂಥ ಕಾಗದಗಳನ್ನು ಹಿಡಿದುಕೊಂಡು ಬರುವುದು ಹೊಸದಲ್ಲ. ಅರ್ಜಿ ತೆರಿಗೆ ಇಲಾಖೆಯದಾಗಿರಲಿಲ್ಲ. ಮರುಪಾವತಿ ಕೊಡಿಸುವುದಾಗಿ ಜಾಹೀರಾತು ಹಾಕುವ ಖಾಸಗಿ ಏಜೆನ್ಸಿಯೊಂದರದಾಗಿತ್ತು. "ಅಣ್ಣಾ, ಯೂನಿಫಾರ್ಮ್ ಒಗೆದಿದ್ದಕ್ಕೆ ವರ್ಷಕ್ಕೆ 125 ಪೌಂಡ್ ವಾಪಸ್ ಕೊಡ್ತಾರಂತೆ, ನಾಲ್ಕು ವರ್ಷಕ್ಕೆ 500 ಆಯ್ತಲ್ಲ, ಸಹಿ ಹಾಕಿಬಿಡ್ಲಾ?" ಎಂದು ಅವರು ಕೇಳಿದ ಪ್ರಶ್ನೆಯಿಂದ ಈ ಪ್ರಕರಣ ಆರಂಭವಾಯಿತು. ಗುರುತು ಸಿಗಬಾರದೆಂದು ಊರು ಮತ್ತು ಆಸ್ಪತ್ರೆಯ ಹೆಸರನ್ನು ಬಿಟ್ಟಿದ್ದೇನೆ. ಸಂಬಳಕ್ಕೆ ಸಂಬಂಧಿಸಿದ ಅಂಕಿಗಳನ್ನು ಮಾತ್ರ ದುಂಡಗೆ ಮಾಡಿದ್ದೇನೆ.

ಆ ಒಂದು ಪ್ರಶ್ನೆಯಲ್ಲಿ ಎರಡು ತಪ್ಪು ಗ್ರಹಿಕೆಗಳಿದ್ದವು. ಮೊದಲನೆಯದು ಮೊತ್ತದ್ದು. ಬ್ರಿಟನ್ನಿನ ತೆರಿಗೆ ಇಲಾಖೆಯಾದ ಎಚ್‌ಎಂಆರ್‌ಸಿ, ಸಮವಸ್ತ್ರವನ್ನು ಸ್ವಂತ ಖರ್ಚಿನಲ್ಲಿ ಒಗೆದು, ಹೊಲಿದು, ಬದಲಾಯಿಸಿಕೊಳ್ಳಬೇಕಾದ ನೌಕರರಿಗೆ ಉದ್ಯೋಗಕ್ಕೆ ತಕ್ಕಂತೆ ವಾರ್ಷಿಕ ಮೊತ್ತವೊಂದನ್ನು ನಿಗದಿ ಮಾಡಿದೆ. ನರ್ಸುಗಳು, ಸೂಲಗಿತ್ತಿಯರು, ಫಿಸಿಯೋಥೆರಪಿಸ್ಟರು, ಹೆಲ್ತ್‌ಕೇರ್ ಅಸಿಸ್ಟೆಂಟರು ಮೊದಲಾದವರಿಗೆ ಅದು 125 ಪೌಂಡ್. ಆಂಬುಲೆನ್ಸ್ ಸಿಬ್ಬಂದಿಗೆ 185, ಆಸ್ಪತ್ರೆಯ ಲ್ಯಾಬ್ ಮತ್ತು ಔಷಧ ವಿಭಾಗದವರಿಗೆ 80, ಪೊಲೀಸರಿಗೆ 140, ಪಟ್ಟಿಯಲ್ಲಿ ಹೆಸರಿಲ್ಲದ ಉದ್ಯೋಗದವರಿಗೆ 60. ಆದರೆ ಇದು ಕೈಗೆ ಬರುವ ಹಣವಲ್ಲ, ತೆರಿಗೆಗೆ ಒಳಪಡುವ ಆದಾಯದಿಂದ ಕಳೆಯುವ ಮೊತ್ತ. ಶೇ. 20ರ ದರದಲ್ಲಿ ತೆರಿಗೆ ಕಟ್ಟುವ ನರ್ಸಿಗೆ 125 ಪೌಂಡನ್ನು ಆದಾಯದಿಂದ ಕಳೆದರೆ ಉಳಿತಾಯವಾಗುವ ತೆರಿಗೆ 25 ಪೌಂಡ್. ಸಂಬಳದಿಂದ ಮುರಿಯುವ ಸಾಮಾಜಿಕ ವಿಮೆಯ ವಂತಿಗೆಯಾದ ನ್ಯಾಷನಲ್ ಇನ್ಶೂರೆನ್ಸ್ ಮೇಲೆ ಇದರ ಪರಿಣಾಮವೇನೂ ಇಲ್ಲ.

ಎರಡನೆಯ ಗ್ರಹಿಕೆ ಅವರು ಊರಿನಿಂದ ತಂದದ್ದು. ಬೆಂಗಳೂರಿನ ಆಸ್ಪತ್ರೆಯಲ್ಲಿದ್ದಾಗ ಅವರ ಸಂಬಳದ ಚೀಟಿಯಲ್ಲಿ ವಾಷಿಂಗ್ ಅಲೊಯನ್ಸ್ ಎಂಬ ಸಾಲೊಂದು ಇರುತ್ತಿತ್ತು, ಇಲ್ಲಿನ 125 ಪೌಂಡನ್ನೂ ಅವರು ಅದೇ ಜಾತಿಗೆ ಸೇರಿಸಿದ್ದರು. ನಮ್ಮಲ್ಲಿ ವ್ಯವಸ್ಥೆಯ ದಿಕ್ಕೇ ಬೇರೆ. ಅಲ್ಲಿ ಮಾಲೀಕರು ಭತ್ಯೆ ಕೊಡುತ್ತಾರೆ. 2026ರ ಮಾರ್ಚ್ ಕೊನೆಯವರೆಗೆ ಜಾರಿಯಲ್ಲಿದ್ದ 1961ರ ಆದಾಯ ತೆರಿಗೆ ಕಾಯ್ದೆಯ ಸೆಕ್ಷನ್ 10(14) ಮತ್ತು 2ಬಿಬಿ ನಿಯಮದ ಪ್ರಕಾರ ಸಮವಸ್ತ್ರದ ಭತ್ಯೆಯಲ್ಲಿ ನಿಜವಾಗಿ ಖರ್ಚಾದಷ್ಟಕ್ಕೆ ಮಾತ್ರ ತೆರಿಗೆ ವಿನಾಯಿತಿ ಇತ್ತು, ಅದೂ ಹಳೆಯ ತೆರಿಗೆ ಪದ್ಧತಿಯಲ್ಲಿರುವವರಿಗೆ. ಭತ್ಯೆಯೇ ಇಲ್ಲದವರು ಒಗೆದ ಖರ್ಚನ್ನು ಪ್ರತ್ಯೇಕವಾಗಿ ಕೇಳುವಂತಿಲ್ಲ, ಎಲ್ಲವೂ ಸಂಬಳದಾರರಿಗೆಲ್ಲ ಒಂದೇ ಸಮನಾಗಿ ಸಿಗುವ ಸ್ಟ್ಯಾಂಡರ್ಡ್ ಡಿಡಕ್ಷನ್ನಿನ ಹೊಟ್ಟೆಯೊಳಗೆ. ಬ್ರಿಟನ್ನಿನಲ್ಲಿ ಇದು ತಿರುಗಾಮುರುಗಾ: ಮಾಲೀಕರು ಏನೂ ಕೊಡದಿದ್ದಾಗಲೇ ರಿಯಾಯಿತಿ ಹುಟ್ಟುತ್ತದೆ, ಅವರು ಒಗೆತಕ್ಕೆಂದು ಹಣ ಕೊಟ್ಟರೆ ಅಷ್ಟರಮಟ್ಟಿಗೆ ರಿಯಾಯಿತಿ ಕರಗುತ್ತದೆ. ಊರಿನಿಂದ ಬಂದವರು ತಡವಾಗಿ ಕೇಳುವುದಕ್ಕೂ ತಪ್ಪಾಗಿ ಕೇಳುವುದಕ್ಕೂ ಈ ವ್ಯತ್ಯಾಸವೇ ಮುಖ್ಯ ಕಾರಣವೆಂದು ನನಗೆ ಅನ್ನಿಸುತ್ತದೆ.

ಅರ್ಹತೆಯ ಪ್ರಶ್ನೆಗೆ ಬರುವ ಮೊದಲು ಅವರ ಒಗೆತ ಹೇಗೆ ನಡೆಯುತ್ತದೆ ಎಂಬುದನ್ನು ವಿವರವಾಗಿ ಕೇಳಿದೆ, ಏಕೆಂದರೆ ಇಡೀ ಹಕ್ಕು ನಿಂತಿರುವುದು ಅದರ ಮೇಲೆ. ಆಸ್ಪತ್ರೆಯವರು ಸೇರುವಾಗ ಲಾಂಛನ ಹೊಲಿದ ನಾಲ್ಕು ನೀಲಿ ಮೇಲಂಗಿಗಳನ್ನು, ಅಂದರೆ ಟ್ಯೂನಿಕ್‌ಗಳನ್ನು ಕೊಟ್ಟಿದ್ದಾರೆ. ಪ್ಯಾಂಟು ಅವರದೇ, ಅಂಗಡಿಯಲ್ಲಿ ಕೊಂಡ ಕಪ್ಪು ಪ್ಯಾಂಟು. ಹನ್ನೆರಡೂವರೆ ಗಂಟೆಯ ಲಾಂಗ್ ಡೇ ಶಿಫ್ಟ್ ವಾರಕ್ಕೆ ಸುಮಾರು ಮೂರು. ವಾರ್ಡಿನವರಿಗೆ ಆಸ್ಪತ್ರೆಯಲ್ಲಿ ಲಾಂಡ್ರಿ ಸೌಲಭ್ಯವಿಲ್ಲ. ಬದಲಿಗೆ, ಮನೆಯ ಬಟ್ಟೆಗಳೊಂದಿಗೆ ಬೆರೆಸದೆ, 60 ಡಿಗ್ರಿ ಬಿಸಿನೀರಿನಲ್ಲಿ ಕನಿಷ್ಠ ಹತ್ತು ನಿಮಿಷ ಒಗೆಯಬೇಕು ಎಂಬ ಸೂಚನೆ ಇದೆ. ಇಲ್ಲಿನ ಮನೆಗಳಲ್ಲಿ ವಾಷಿಂಗ್ ಮಷಿನ್ ಇರುವುದು ಅಡುಗೆಮನೆಯ ಕಟ್ಟೆಯ ಕೆಳಗೆ. ಒಂದೇ ಒಂದು ಟ್ಯೂನಿಕ್ಕಿಗಾಗಿ ರಾತ್ರಿ ಒಂಬತ್ತು ಗಂಟೆಗೆ ಮಷಿನ್ ಓಡಿಸಿ, ಒಲೆಯ ಮೇಲಿನ ಸಾರಿನ ಒಗ್ಗರಣೆ ವಾಸನೆ ಹತ್ತದಿರಲೆಂದು ಅದನ್ನು ಮಹಡಿಯ ಮಲಗುವ ಕೋಣೆಗೆ ಒಯ್ದು ರೇಡಿಯೇಟರಿನ ಮೇಲೆ ಹರವುತ್ತಾರೆ. ಚಳಿಗಾಲದಲ್ಲಿ ಅದು ಬೆಳಿಗ್ಗೆಗೆ ಒಣಗಿದರೆ ಪುಣ್ಯ. ತೋರಿಸಲೆಂದು ಒಂದನ್ನು ತಂದಿದ್ದರು. ಎದೆಯ ಜೇಬಿನ ಅಂಚಿನಲ್ಲಿ ಪೆನ್ನಿನ ಶಾಯಿ ಎಷ್ಟು ಬಿಸಿನೀರಿಗೂ ಜಗ್ಗದೆ ಕೂತಿತ್ತು, ಫಾಬ್ ವಾಚ್ ಸಿಕ್ಕಿಸುವ ಜಾಗದ ಬಟ್ಟೆ ಜಾಳಾಗಿತ್ತು.

ರಜೆ ಕಳೆದು ವರ್ಷಕ್ಕೆ 44 ವಾರವೆಂದರೆ ಸುಮಾರು 132 ಒಗೆತ. 125 ಪೌಂಡನ್ನು ಅದರಿಂದ ಭಾಗಿಸಿದರೆ ಒಂದು ಒಗೆತಕ್ಕೆ 95 ಪೆನ್ನಿ ಖರ್ಚೆಂದು ಇಲಾಖೆ ಒಪ್ಪಿದಂತಾಯಿತು, ಅದರಲ್ಲಿ ನರ್ಸಿಗೆ ತಿರುಗಿ ಬರುವುದು 19 ಪೆನ್ನಿ. ನಿಜವಾದ ಖರ್ಚು ಹೆಚ್ಚೆಂದು ತೋರಿಸಲು ಕಾನೂನಿನಲ್ಲಿ ಅವಕಾಶವಿದೆ, ಆದರೆ ಆಗ ರಸೀದಿಗಳನ್ನಿಟ್ಟು ಲೆಕ್ಕ ಕೊಡಬೇಕು. ವಿದ್ಯುತ್ ಬಿಲ್ಲಿನಲ್ಲಿ ಟ್ಯೂನಿಕ್ಕಿನ ಪಾಲೆಷ್ಟು, ಮಕ್ಕಳ ಬಟ್ಟೆಯ ಪಾಲೆಷ್ಟು ಎಂದು ಬಿಡಿಸಿ ತೋರಿಸುವವರನ್ನು ನಾನಂತೂ ಕಂಡಿಲ್ಲ. ನಿಗದಿತ ಮೊತ್ತ ಇರುವುದೇ ಈ ತೊಡಕನ್ನು ತಪ್ಪಿಸಲು, ಅದಕ್ಕೆ ಒಗೆತದ ರಸೀದಿ ಬೇಕಿಲ್ಲ.

ಇನ್ನು ಕಾನೂನು. ನೌಕರರ ಖರ್ಚಿಗೆ ಸಂಬಂಧಿಸಿದ ಮೂಲ ನಿಯಮ 2003ರ ಆದಾಯ ತೆರಿಗೆ (ಗಳಿಕೆ ಮತ್ತು ಪಿಂಚಣಿ) ಕಾಯ್ದೆಯ 336ನೇ ಸೆಕ್ಷನ್ನಿನಲ್ಲಿದೆ: ಖರ್ಚು ಪೂರ್ತಿಯಾಗಿ, ಕೇವಲ ಕೆಲಸಕ್ಕಾಗಿ, ಅನಿವಾರ್ಯವಾಗಿ ಆಗಿರಬೇಕು. ನಿಗದಿತ ಮೊತ್ತಗಳ ಪ್ರಸ್ತಾಪ 367ನೇ ಸೆಕ್ಷನ್ನಿನಲ್ಲಿ ಬರುತ್ತದೆ. ಈ 'ಕೇವಲ' ಎಂಬ ಪದ ಎಷ್ಟು ಗಟ್ಟಿಯಾದುದೆಂದು ತಿಳಿಯಲು 1983ರಲ್ಲಿ, ಆಗ ಬ್ರಿಟನ್ನಿನ ಅತ್ಯುನ್ನತ ನ್ಯಾಯಪೀಠವಾಗಿದ್ದ ಹೌಸ್ ಆಫ್ ಲಾರ್ಡ್ಸ್ ತೀರ್ಮಾನಿಸಿದ ಮ್ಯಾಲಲ್ಯೂ ವಿರುದ್ಧ ಡ್ರಮಂಡ್ ಪ್ರಕರಣವನ್ನು ನೋಡಬೇಕು. ನ್ಯಾಯಾಲಯದಲ್ಲಿ ಕಪ್ಪು ಉಡುಪು ತೊಡಲೇಬೇಕಾಗಿದ್ದ ಬ್ಯಾರಿಸ್ಟರ್ ಒಬ್ಬರು ಆ ಬಟ್ಟೆಗಳನ್ನು ಕೊಂಡು ಶುಚಿ ಮಾಡಿಸಿಕೊಂಡ ಖರ್ಚನ್ನು ವೃತ್ತಿಯ ಲೆಕ್ಕಕ್ಕೆ ಹಾಕಿದ್ದರು. ಆ ಬಟ್ಟೆ ಅವರಿಗೆ ಬೆಚ್ಚಗಿರಲು ಮತ್ತು ಮರ್ಯಾದೆಯಿಂದ ಮೈಮುಚ್ಚಿಕೊಳ್ಳಲೂ ಬೇಕಾಗಿತ್ತು, ಆದ್ದರಿಂದ ಉದ್ದೇಶ ಎರಡಾಯಿತು ಎಂದು ಅವರ ಕೋರಿಕೆಯನ್ನು ತಳ್ಳಿಹಾಕಲಾಯಿತು. ಸ್ವಂತ ವೃತ್ತಿಯವರಿಗೇ ಹೀಗಾದರೆ, 'ಅನಿವಾರ್ಯ' ಎಂಬ ಇನ್ನೊಂದು ಬೇಲಿಯನ್ನೂ ದಾಟಬೇಕಾದ ನೌಕರರ ಪಾಡು ಹೇಳಬೇಕಿಲ್ಲ. ನಮ್ಮ ನರ್ಸಿನ ಕಪ್ಪು ಪ್ಯಾಂಟು ಬಿದ್ದುಹೋಗುವುದು ಇಲ್ಲಿಯೇ. ಅದನ್ನು ತೊಟ್ಟು ಮಾರುಕಟ್ಟೆಗೂ ಹೋಗಬಹುದು, ನೋಡಿದವರಿಗೆ ಅವರು ನರ್ಸ್ ಎಂದು ತಿಳಿಯುವುದಿಲ್ಲ. ಲಾಂಛನವಿರುವ ಟ್ಯೂನಿಕ್ ಹಾಗಲ್ಲ. ಪ್ಯಾಂಟನ್ನು ಬಿಟ್ಟರೂ ಮೊತ್ತ 125ಕ್ಕಿಂತ ಕಡಿಮೆಯಾಗುವುದಿಲ್ಲವಾದ್ದರಿಂದ ಅವರಿಗೆ ನಷ್ಟವಾಗಲಿಲ್ಲ.

ನರ್ಸುಗಳ ವಿಷಯದಲ್ಲಿ ಪಟ್ಟಿಯ ಜೊತೆಗೆ ಎರಡು ಸಣ್ಣ ಬಾಬತ್ತುಗಳಿವೆ: ನಿರ್ದಿಷ್ಟ ಬಗೆಯ ಅಥವಾ ಬಣ್ಣದ ಶೂ ಕಡ್ಡಾಯವಾಗಿದ್ದರೆ 12 ಪೌಂಡ್, ಕಾಲುಚೀಲ ಅಥವಾ ಸ್ಟಾಕಿಂಗ್ಸ್ ಹಾಗೆಯೇ ಕಡ್ಡಾಯವಾಗಿದ್ದರೆ 6 ಪೌಂಡ್. ಅವರ ಆಸ್ಪತ್ರೆಯ ಉಡುಪಿನ ನಿಯಮಾವಳಿಯನ್ನು ತರಿಸಿ ಓದಿದೆವು. ಮುಂಭಾಗ ಮುಚ್ಚಿದ, ಒರೆಸಬಹುದಾದ ಕಪ್ಪು ಶೂ ಎಂದು ಸ್ಪಷ್ಟವಾಗಿ ಬರೆದಿತ್ತು. ಕಾಲುಚೀಲದ ಬಗ್ಗೆ ಚಕಾರವಿರಲಿಲ್ಲ. ಹೀಗಾಗಿ 125ಕ್ಕೆ 12 ಸೇರಿ ವರ್ಷಕ್ಕೆ 137 ಪೌಂಡ್, ತೆರಿಗೆಯಲ್ಲಿ 27 ಪೌಂಡ್ 40 ಪೆನ್ನಿ. ಆರು ಪೌಂಡನ್ನು ಬಿಟ್ಟೆವು.

ಇಲ್ಲಿಯವರೆಗೆ ಎಲ್ಲ ಸರಳ. ಕಷ್ಟ ಬಂದದ್ದು ವರ್ಷಗಳನ್ನು ಒಂದೊಂದಾಗಿ ನೋಡುವಾಗ. ಬ್ರಿಟನ್ನಿನ ತೆರಿಗೆ ವರ್ಷ ಏಪ್ರಿಲ್ 6ಕ್ಕೆ ಆರಂಭವಾಗಿ ಮುಂದಿನ ಏಪ್ರಿಲ್ 5ಕ್ಕೆ ಮುಗಿಯುತ್ತದೆ. ನಡೆಯುತ್ತಿರುವ ವರ್ಷವಲ್ಲದೆ ಹಿಂದಿನ ನಾಲ್ಕು ವರ್ಷಗಳಿಗೂ ಕೋರಿಕೆ ಸಲ್ಲಿಸಬಹುದು. ಅಂದರೆ ನಮ್ಮ ಮುಂದಿದ್ದದ್ದು 2021-22ರಿಂದ 2025-26ರವರೆಗಿನ ಐದು ವರ್ಷಗಳು. ಏಜೆನ್ಸಿಯ ಅರ್ಜಿಯಲ್ಲಿ ಹಿಂದಿನ ನಾಲ್ಕಕ್ಕೂ ಮೊದಲೇ ಟಿಕ್ ಹಾಕಿ ಇಡಲಾಗಿತ್ತು.

2021-22: ಅವರು ಇಂಗ್ಲೆಂಡಿಗೆ ಬಂದಿಳಿದದ್ದು 2022ರ ಜನವರಿಯಲ್ಲಿ. ಓಸ್ಕಿ ಎಂಬ ಪ್ರಾಯೋಗಿಕ ಪರೀಕ್ಷೆ ಮುಗಿದು ನರ್ಸಿಂಗ್ ಕೌನ್ಸಿಲ್ಲಿನ ಪಿನ್ (ನೋಂದಣಿ ಸಂಖ್ಯೆ) ಸಿಗುವವರೆಗೆ ಬ್ಯಾಂಡ್ 4 ಎಂಬ ಸಂಬಳದ ಶ್ರೇಣಿಯಲ್ಲಿ, ನೋಂದಣಿಗೆ ಕಾಯುತ್ತಿರುವ ನರ್ಸ್ ಆಗಿ ಕೆಲಸ ಮಾಡಿದರು. ಆ ಹುದ್ದೆಯಲ್ಲೂ ಸಮವಸ್ತ್ರವಿತ್ತು, ಒಗೆತವೂ ಇತ್ತು. ಆದರೆ ತಿಂಗಳಿಗೆ ಸುಮಾರು 1,880 ಪೌಂಡಿನಂತೆ ಮೂರು ತಿಂಗಳ ಗಳಿಕೆ, ಆ ವರ್ಷದ 12,570 ಪೌಂಡಿನ ತೆರಿಗೆರಹಿತ ಮಿತಿಯ ಅರ್ಧವನ್ನೂ ಮುಟ್ಟಲಿಲ್ಲ. ತೆರಿಗೆಯೇ ಬಾರದ ವರ್ಷಕ್ಕೆ ತೆರಿಗೆ ರಿಯಾಯಿತಿ ಎಂಬುದಿಲ್ಲ. "ಇಲ್ಲ, ನನಗೆ ಆಗಲೂ ಕಟ್ ಆಗಿತ್ತು" ಎಂದು ಅವರು ಪೇ ಸ್ಲಿಪ್ ತೆಗೆದು ತೋರಿಸಿದರು. ನಿಜ, ತಿಂಗಳಿಗೆ 140 ಪೌಂಡಿನಷ್ಟು ಮುರಿದುಕೊಂಡಿದ್ದರು.

ಕಾರಣ ಹುಡುಕಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಕೆಲಸಕ್ಕೆ ಸೇರುವ ದಿನ ತುಂಬುವ ನಮೂನೆಯಲ್ಲಿ, ಏಪ್ರಿಲಿನಿಂದೀಚೆಗೆ ಇದು ನನ್ನ ಮೊದಲ ಕೆಲಸ ಎಂಬ ಹೇಳಿಕೆಯ ಬದಲು ಈ ಮೊದಲು ಬೇರೆ ಕೆಲಸವಿತ್ತು ಎಂಬ ಹೇಳಿಕೆಗೆ ಅವರು ಗುರುತು ಹಾಕಿದ್ದರು. ಡಿಸೆಂಬರಿನವರೆಗೆ ಬೆಂಗಳೂರಿನಲ್ಲಿ ದುಡಿದವರು ಹಾಗೆ ಬರೆದದ್ದರಲ್ಲಿ ತಪ್ಪು ಹುಡುಕಲು ನನಗೆ ಮನಸ್ಸಿಲ್ಲ. ಪರಿಣಾಮವಾಗಿ ಸಂಬಳ ವಿಭಾಗ ಅವರಿಗೆ ಆಯಾ ತಿಂಗಳಿನ ಪಾಲಿನ ಮಿತಿಯನ್ನಷ್ಟೇ ಕೊಡುವ ತುರ್ತು ತೆರಿಗೆ ಕೋಡನ್ನು (ಎಷ್ಟು ಸಂಬಳ ತೆರಿಗೆರಹಿತವೆಂದು ತಿಳಿಸುವ ಸಂಕೇತ) ಹಚ್ಚಿತು, ಕಳೆದ ಒಂಬತ್ತು ತಿಂಗಳ ಬಳಸದ ಮಿತಿ ಲೆಕ್ಕಕ್ಕೆ ಬರಲಿಲ್ಲ. ಮೂರು ತಿಂಗಳಲ್ಲಿ ಹೀಗೆ ಹೋದದ್ದು ಸುಮಾರು 420 ಪೌಂಡ್. ಅವರ ಆನ್‌ಲೈನ್ ತೆರಿಗೆ ಖಾತೆಯನ್ನು ತೆರೆದಾಗ, ಇಲಾಖೆಯೇ ಇದನ್ನು ಕಂಡುಹಿಡಿದು 2022ರಲ್ಲಿ ಚೆಕ್ ಕಳುಹಿಸಿದ್ದೂ, ಅದು ಅವರು ಆಗಲೇ ಬಿಟ್ಟಿದ್ದ ನರ್ಸುಗಳ ಹಾಸ್ಟೆಲಿನ ವಿಳಾಸಕ್ಕೆ ಹೋಗಿ ನಗದಾಗದೆ ಉಳಿದದ್ದೂ ತಿಳಿಯಿತು. ಒಗೆತದ 25 ಪೌಂಡನ್ನು ಹುಡುಕಿಕೊಂಡು ಹೊರಟವರಿಗೆ ಸಿಕ್ಕಿದ ದೊಡ್ಡ ಮೊತ್ತ ಇದೇ. ಆ ವರ್ಷದ ಗಡುವು 2026ರ ಏಪ್ರಿಲ್ 5 ಆಗಿದ್ದರಿಂದ, ಐದು ತಿಂಗಳು ಉಳಿದಿರುವಾಗಲೇ ಅವರು ಬಂದದ್ದು ಒಳ್ಳೆಯದಾಯಿತು.

2022-23ರಲ್ಲಿ ತಕರಾರಿಲ್ಲ: ವರ್ಷವಿಡೀ ವಾರ್ಡು, ವರ್ಷವಿಡೀ ಮನೆಯ ಒಗೆತ. 2024-25 ಕೂಡ ಹಾಗೆಯೇ.

ನಡುವಿನ 2023-24 ಈ ಪ್ರಕರಣದ ನಿಜವಾದ ಗಂಟು. ಆ ವರ್ಷದ ಏಪ್ರಿಲ್ ಮೊದಲ ವಾರದಿಂದ ಮುಂದಿನ ಏಪ್ರಿಲಿನವರೆಗೆ ಅವರನ್ನು ಆಪರೇಷನ್ ಥಿಯೇಟರಿಗೆ ಹಾಕಿದ್ದರು. ಥಿಯೇಟರಿನವರು ಮನೆಯ ಬಟ್ಟೆಯಲ್ಲಿ ಬಂದು, ಕಪಾಟಿನಿಂದ ತಮ್ಮ ಅಳತೆಯ ಸ್ಕ್ರಬ್ಸ್ ಎತ್ತಿಕೊಂಡು ತೊಟ್ಟು, ಸಂಜೆ ಅದನ್ನು ಲಾಂಡ್ರಿ ಚೀಲಕ್ಕೆ ಹಾಕಿ ಹೋಗುತ್ತಾರೆ. ಒಗೆಯುವುದು ಆಸ್ಪತ್ರೆಯ ಕೆಲಸ. ಸ್ಕ್ರಬ್ಸ್ ಮನೆಗೆ ಒಯ್ಯುವಂತೆಯೇ ಇಲ್ಲ. ನಿಯಮ ಸ್ಪಷ್ಟವಾಗಿದೆ: ಮಾಲೀಕರು ಒಗೆದು ಕೊಡುತ್ತಿದ್ದರೆ, ಅಥವಾ ಸೌಲಭ್ಯವಿದ್ದೂ ನೌಕರರು ತಮ್ಮ ಇಷ್ಟದಿಂದ ಮನೆಯಲ್ಲಿ ಒಗೆದುಕೊಂಡರೆ, ರಿಯಾಯಿತಿ ಇಲ್ಲ.

ಅವರು ಸುಲಭವಾಗಿ ಒಪ್ಪಲಿಲ್ಲ, ಅವರ ವಾದದಲ್ಲಿ ಹುರುಳಿಲ್ಲವೆಂದೂ ಹೇಳಲಾರೆ. ಆ ವರ್ಷ ಜನ ಕಡಿಮೆ ಬಿದ್ದಾಗ ನಾಲ್ಕೈದು ಸಲ ಅವರನ್ನು ವಾರ್ಡಿಗೆ ಕಳುಹಿಸಿದ್ದರು, ಆಗ ಟ್ಯೂನಿಕ್ ತೊಟ್ಟು ಮನೆಯಲ್ಲೇ ಒಗೆದಿದ್ದರು. ಜೊತೆಗೆ, ತಮ್ಮ ಹೆಸರು ಕಸೂತಿ ಹಾಕಿಸಿದ ಬಟ್ಟೆಯ ಟೋಪಿಯೊಂದನ್ನು ಥಿಯೇಟರಿನಲ್ಲಿ ಬಳಸುತ್ತಿದ್ದರು, ಅದನ್ನೂ ಮನೆಯಲ್ಲೇ ಒಗೆಯುತ್ತಿದ್ದರು. ಟೋಪಿಯ ಮಾತು ನಿಲ್ಲುವುದಿಲ್ಲ, ಏಕೆಂದರೆ ಕಾಗದದ ಟೋಪಿಯನ್ನು ಆಸ್ಪತ್ರೆ ಕೊಡುತ್ತಿತ್ತು, ಬಟ್ಟೆಯದು ಅವರ ಆಯ್ಕೆ. ವಾರ್ಡಿನ ನಾಲ್ಕೈದು ದಿನಗಳ ಬಗ್ಗೆ ವಾದಿಸಬಹುದು, ಯಾರಾದರೂ ವಾದಿಸಿಯೂ ಗೆಲ್ಲಬಹುದು. ಆದರೆ ಐದು ಒಗೆತವನ್ನು ಮುಂದಿಟ್ಟುಕೊಂಡು ಇಡೀ ವರ್ಷದ 125 ಪೌಂಡಿಗೆ ಕೈಚಾಚುವುದು, ಅದರಿಂದ ಬರುವ 25 ಪೌಂಡಿಗಾಗಿ ವೃತ್ತಿಪರ ನೋಂದಣಿ ಇರುವ ಒಬ್ಬ ನರ್ಸ್ ತಮ್ಮ ಹೆಸರಿನಲ್ಲಿ ಒಂದು ಸಂದೇಹಾಸ್ಪದ ಘೋಷಣೆಯನ್ನು ಇಡುವುದು ನನಗೆ ಸರಿಕಾಣಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಬಿಡಿ ಅಣ್ಣಾ, ಆ ವರ್ಷ ನಾನು ಒಗೆದಿಲ್ಲ ಅಂದ್ರೆ ಒಗೆದಿಲ್ಲ" ಎಂದರು. ಥಿಯೇಟರಿನ ಚಪ್ಪಲಿಯನ್ನೂ ಆಸ್ಪತ್ರೆಯೇ ಕೊಟ್ಟಿದ್ದರಿಂದ ಶೂಗಳ 12 ಪೌಂಡೂ ಆ ವರ್ಷ ಬಿದ್ದುಹೋಯಿತು.

ಏಜೆನ್ಸಿಯ ಅರ್ಜಿಗೆ ಸಹಿ ಬಿದ್ದಿದ್ದರೆ ಏನಾಗುತ್ತಿತ್ತು ಎಂಬುದಕ್ಕೆ ಅವರ ಸಹೋದ್ಯೋಗಿಯೊಬ್ಬರ ಅನುಭವವೇ ಇತ್ತು. ನಾಲ್ಕು ವರ್ಷಕ್ಕೆ 25ರಂತೆ 100 ಪೌಂಡ್ ಮಂಜೂರಾಗಿತ್ತು. ಶುಲ್ಕ ಶೇ. 40, ಅದರ ಮೇಲೆ ಶೇ. 20 ವ್ಯಾಟ್, ಒಟ್ಟು 48 ಪೌಂಡ್ ಕಳೆದು ಅವರ ಕೈಗೆ ಬಂದದ್ದು 52. ಅರ್ಜಿಯನ್ನು ಯಾರೇ ತುಂಬಿರಲಿ, ಅದರಲ್ಲಿರುವುದಕ್ಕೆ ಹೊಣೆ ತೆರಿಗೆದಾರರೇ. ಇಲಾಖೆ ಮುಂದೆ ತಪ್ಪು ಕಂಡು ಹಣ ವಾಪಸ್ ಕೇಳಿದರೆ ಪೂರ್ತಿ ಕೇಳುತ್ತದೆ, ಏಜೆನ್ಸಿಯ ಶುಲ್ಕವನ್ನು ಬಿಟ್ಟು ಕೇಳುವುದಿಲ್ಲ. ಹಿಂದೆ ಇಂಥ ಕೆಲವು ಏಜೆನ್ಸಿಗಳು ಮರುಪಾವತಿಯ ಹಕ್ಕನ್ನೇ ತಮ್ಮ ಹೆಸರಿಗೆ ಬರೆಸಿಕೊಳ್ಳುತ್ತಿದ್ದವು, ಆಮೇಲೆ ಜನ ಬೇಡವೆಂದರೂ ಹಣ ಅವರ ಕೈಗೇ ಹೋಗುತ್ತಿತ್ತು. 2023ರ ಮಾರ್ಚ್ 15ರಿಂದೀಚೆಗೆ ಅಂಥ ಹಸ್ತಾಂತರಕ್ಕೆ ಕಾನೂನಿನ ಬೆಲೆ ಇಲ್ಲ. ಆದರೂ ಶುಲ್ಕದ ಒಪ್ಪಂದ ಒಪ್ಪಂದವೇ.

ಕೋರಿಕೆಯನ್ನು ಅವರೇ ಕೂತು ಸಲ್ಲಿಸಿದರು, ನಾನು ಪಕ್ಕದಲ್ಲಿದ್ದೆ ಅಷ್ಟೆ. ಪಿ87 ಎಂಬ ಈ ಕೋರಿಕೆಗೆ ಬೇಕಾದದ್ದು ನ್ಯಾಷನಲ್ ಇನ್ಶೂರೆನ್ಸ್ ಸಂಖ್ಯೆ, ಪಿ60ರಲ್ಲಿರುವ ಮಾಲೀಕರ ಪಿಎವೈಇ (ಸಂಬಳದಲ್ಲೇ ತೆರಿಗೆ ಮುರಿದುಕೊಳ್ಳುವ ವ್ಯವಸ್ಥೆ) ಉಲ್ಲೇಖ ಸಂಖ್ಯೆ, ಹುದ್ದೆಯ ಹೆಸರು ಮತ್ತು ವರ್ಷಗಳ ಪಟ್ಟಿ. ಹುದ್ದೆಯ ಜಾಗದಲ್ಲಿ ಬರೇ 'ಎನ್‌ಎಚ್‌ಎಸ್' ಎಂದು ಬರೆಯಲು ಹೊರಟಿದ್ದರು. ದರ ಗೊತ್ತಾಗುವುದೇ ಹುದ್ದೆಯಿಂದ ಎಂದು ತಿದ್ದಿಸಿದೆ. ಇದರ ಜೊತೆಗೇ ನರ್ಸಿಂಗ್ ಅಂಡ್ ಮಿಡ್‌ವೈಫರಿ ಕೌನ್ಸಿಲ್ಲಿಗೆ ಕಟ್ಟುವ 120 ಪೌಂಡಿನ ವಾರ್ಷಿಕ ಶುಲ್ಕಕ್ಕೂ ರಿಯಾಯಿತಿ ಇದೆಯೆಂಬುದು ಅವರಿಗೆ ತಿಳಿದಿರಲಿಲ್ಲ. ಮೊದಲ ನೋಂದಣಿಯ ಹಣವನ್ನು ಆಸ್ಪತ್ರೆಯೇ ಕೊಟ್ಟಿದ್ದರಿಂದ 2022-23ನ್ನು ಬಿಟ್ಟು, 2023ರಿಂದೀಚಿನ ನವೀಕರಣಗಳನ್ನು ಸೇರಿಸಿದೆವು, ಅದಕ್ಕೆ ರಸೀದಿಗಳನ್ನು ಲಗತ್ತಿಸಿದೆವು. ಥಿಯೇಟರಿನಲ್ಲಿದ್ದ ವರ್ಷಕ್ಕೂ ಈ ಶುಲ್ಕದ ರಿಯಾಯಿತಿ ಸಲ್ಲುತ್ತದೆ, ಏಕೆಂದರೆ ಬಟ್ಟೆಯನ್ನು ಯಾರು ಒಗೆದರೂ ನೋಂದಣಿ ಅವರದೇ.

ಫಲಿತಾಂಶ ಇಷ್ಟು. ಸಮವಸ್ತ್ರ ಮತ್ತು ಶೂಗಳ ಬಾಬತ್ತು ಎರಡು ಹಿಂದಿನ ವರ್ಷಗಳಿಗೆ 54 ಪೌಂಡ್ 80 ಪೆನ್ನಿ, ಕೌನ್ಸಿಲ್ ಶುಲ್ಕದ ಬಾಬತ್ತು ಎರಡು ವರ್ಷಕ್ಕೆ 48 ಪೌಂಡ್, ಹೊಸದಾಗಿ ಬರೆದು ಕಳುಹಿಸಿದ ಹಳೆಯ ಚೆಕ್ಕಿನಲ್ಲಿ 420ರ ಆಸುಪಾಸು. ಚಾಲ್ತಿ ವರ್ಷದ್ದು ಹಣವಾಗಿ ಬರಲಿಲ್ಲ, ತೆರಿಗೆ ಕೋಡಾಗಿ ಬಂತು: 12,570ಕ್ಕೆ 137 ಮತ್ತು 120 ಸೇರಿ 12,827, ಕೊನೆಯ ಅಂಕಿಯನ್ನು ಬಿಟ್ಟು ಬರೆಯುವ ರೂಢಿಯಂತೆ 1257ಎಲ್ ಇದ್ದದ್ದು 1282ಎಲ್ ಆಯಿತು. ಡಿಸೆಂಬರಿನ ಸಂಬಳದಲ್ಲಿ ಏಪ್ರಿಲಿನಿಂದೀಚಿನ ಬಾಕಿಯೆಲ್ಲ ಒಟ್ಟಿಗೆ ಸೇರಿ ತೆರಿಗೆ 37 ಪೌಂಡಿನಷ್ಟು ಕಡಿಮೆಯಾಗಿತ್ತು. ಜನವರಿಯಿಂದ ತಿಂಗಳಿಗೆ ನಾಲ್ಕು ಪೌಂಡ್ ಚಿಲ್ಲರೆ.

ಕೋಡಿನಲ್ಲಿ ಒಮ್ಮೆ ಸೇರಿದ ಮೊತ್ತ ಯಾರೂ ತೆಗೆಯದಿದ್ದರೆ ವರ್ಷದಿಂದ ವರ್ಷಕ್ಕೆ ತಾನಾಗಿ ಮುಂದುವರಿಯುತ್ತದೆ, ಕೆಲಸ ಬದಲಾದದ್ದನ್ನು ತಿಳಿಸುವ ಹೊಣೆ ನೌಕರರದು. ಇದನ್ನು ಅವರಿಗೆ ಎರಡು ಸಲ ಹೇಳಿದ್ದೆ. ಫೆಬ್ರುವರಿಯ ಕೊನೆಯಲ್ಲಿ ಫೋನ್ ಮಾಡಿ, ಬ್ಯಾಂಡ್ 6ಕ್ಕೆ ಬಡ್ತಿ ಸಿಕ್ಕಿದೆ, ಏಪ್ರಿಲಿನಿಂದ ಮತ್ತೆ ಥಿಯೇಟರ್ ಎಂದರು. ಒಗೆತ ಮತ್ತು ಶೂಗಳ ಬಾಬತ್ತನ್ನು ಖಾತೆಯಿಂದ ತೆಗೆಯಲು ತಾವೇ ತಿಳಿಸಿಯಾಗಿದೆ, ಕೌನ್ಸಿಲ್ ಶುಲ್ಕವನ್ನು ಮಾತ್ರ ಉಳಿಸಿಕೊಂಡಿದ್ದೇನೆ, ಹೊಸ ಕೋಡು 1269ಎಲ್ ಬರಬೇಕಲ್ಲವೇ ಎಂದು ಕೇಳಿದರು. 12,690, ಕೊನೆಯ ಸೊನ್ನೆ ಬಿಟ್ಟರೆ 1269. ಸರಿಯಾಗಿಯೇ ಇತ್ತು.